ಒಂದು ರಾತ್ರಿಯ ಹಕ್ಕು

ವಿಯೆಟ್ನಾಮಿನ ಹಾ ಲಾಂಗ್ ಕೊಲ್ಲಿಯಲ್ಲಿ ಒಂದು ರಾತ್ರಿ ಮಲಗಬೇಕೆಂದರೆ ದುಡ್ಡು ಕೊಟ್ಟರೆ ಸಾಕು. ಪಾಸ್‌ಪೋರ್ಟ್ ತೋರಿಸಿ ಹಡಗು ಹತ್ತಿದರೆ ಬಿಳಿ ಹಾಸಿಗೆ, ಕಿಟಕಿಯಾಚೆ ಹಸಿರು ನೀರು, ನೀರಿನಿಂದ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಗುಡ್ಡಗಳು. 2014ರವರೆಗೆ ಇದೇ ನೀರಿನ ಮೇಲೆ ಟಿಕೆಟ್ ಇಲ್ಲದೆ ಮಲಗುವವರಿದ್ದರು. ಅಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಮಕ್ಕಳಿಗೆ ನಡಿಗೆಯ ಜೊತೆಜೊತೆಗೇ ಹುಟ್ಟು ಹಾಕುವುದನ್ನೂ ಕಲಿಸಿದ ಮೀನುಗಾರರು. ಆ ವರ್ಷ ಸರ್ಕಾರ ಮುನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ತೇಲುವ ಹಳ್ಳಿಗಳಿಂದ ಎಬ್ಬಿಸಿ, ಹಾ ಲಾಂಗ್ ನಗರದ ಅಂಚಿನಲ್ಲಿ ಮನೆ ಕಟ್ಟಿಸಿ, ನೆಲದ ಮೇಲೆ ಇಳಿಸಿತು. ಈಗ ಒಂದು ರಾತ್ರಿಯ ಮಟ್ಟಿಗೆ ಯಾರು ಬೇಕಾದರೂ ಇರಬಹುದು. ಮನೆ ಮಾಡಿಕೊಂಡು ಇರುವಂತಿಲ್ಲ.

ಕಳೆದ ಡಿಸೆಂಬರಿನಲ್ಲಿ ಹೆಂಡತಿ, ಮಗಳ ಜೊತೆ ನಾನೂ ಅಲ್ಲಿ ಆ ಒಂದು ರಾತ್ರಿ ಇದ್ದು ಬಂದೆ. ಪುಣೆಗೆ ಮರಳಿದ ಮೇಲೆ ಫೋಟೋಗಳನ್ನು ಹಂಚಿದ್ದಾಯಿತು, ಗುಂಪುಗಳಲ್ಲಿ ಚಪ್ಪಾಳೆಯೂ ಬಿತ್ತು. ಒಂದು ಪ್ರಶ್ನೆ ಮಾತ್ರ ಆಫೀಸಿನ ಮೀಟಿಂಗುಗಳ ನಡುವೆಯೂ ತಲೆ ಹಾಕುತ್ತಿದೆ. ನೋಡಲು ಬಂದವನಿಗೆ ನೋಟದ ಮೇಲೆ ಎಷ್ಟು ಹಕ್ಕಿದೆ? ಆ ಹಕ್ಕು ಅಲ್ಲಿ ಬಾಳುವವನ ಹಕ್ಕಿನ ಎದುರು ನಿಂತಾಗ ಯಾವುದನ್ನು ಮುಂದಿಡಬೇಕು?

ಮೊದಲು ಕೊಲ್ಲಿಯ ವಿಷಯ. ಅದು ಚೆಲುವಾಗಿದೆ, ಇದರಲ್ಲಿ ಅನುಮಾನ ಬೇಡ. ಸುಮಾರು 1,600 ದ್ವೀಪಗಳು. ಹೆಚ್ಚಿನವುಗಳ ಮೇಲೆ ಕಾಲಿಡಲು ಅಂಗೈಯಗಲ ಸಮತಟ್ಟು ಜಾಗವೂ ಇಲ್ಲ. ಮಳೆನೀರು ಲಕ್ಷಾಂತರ ವರ್ಷ ಸುಣ್ಣಕಲ್ಲನ್ನು ಕರಗಿಸಿ ಕೆತ್ತಿದ ಗುಡ್ಡಗಾಡಿನೊಳಗೆ ಆಮೇಲೆ ಸಮುದ್ರ ನುಗ್ಗಿದೆ. ನಾವು ದ್ವೀಪ ಎನ್ನುವುದು ಮುಳುಗದೆ ಉಳಿದ ಗುಡ್ಡಗಳ ತಲೆಯನ್ನು. ನೀರು ತಾಗುವ ಮಟ್ಟದಲ್ಲಿ ಕಲ್ಲು ಒಳಕ್ಕೆ ಸವೆದು ಗುಡ್ಡಗಳಿಗೆಲ್ಲ ಸೊಂಟ ಕಟ್ಟಿದಂತೆ ಕಾಣುತ್ತದೆ. ಚಳಿಗಾಲದ ಮಂಜಿನಲ್ಲಿ ಒಂದರ ಹಿಂದೆ ಒಂದು ಬೂದು ಬಣ್ಣಕ್ಕೆ ತಿರುಗುತ್ತ, ಕೊನೆಗೆ ಯಾವುದು ಗುಡ್ಡ ಯಾವುದು ಮೋಡ ತಿಳಿಯುವುದಿಲ್ಲ. ಆ ದೇಶದ ಎರಡು ಲಕ್ಷ ಡಾಂಗ್ ನೋಟಿನ ಮೇಲೂ ಇಲ್ಲಿಯದೇ ಒಂದು ಬಂಡೆಯ ಚಿತ್ರವಿದೆ. ಹಾ ಲಾಂಗ್ ಎಂದರೆ ಕೆಳಗಿಳಿದ ಡ್ರ್ಯಾಗನ್. ಹೆಚ್ಚಿನ ದೋಣಿಗಳು ನಿಲ್ಲುವ ಇನ್ನೊಂದು ದ್ವೀಪಕ್ಕೆ ಸೋವಿಯತ್ ಗಗನಯಾತ್ರಿ ತಿತೋವ್‌ನ ಹೆಸರು. 1962ರಲ್ಲಿ ಹೋ ಚಿ ಮಿನ್ ಜೊತೆ ಆತ ಅಲ್ಲಿಗೆ ಬಂದಿದ್ದನಂತೆ. ನೋಡಿ ಹೋದವನ ಹೆಸರು ಉಳಿಯುತ್ತದೆ.

ಕ್ರೂಸ್ ಎಂಬುದನ್ನು ನನ್ನಂಥ ಪ್ರಾಜೆಕ್ಟ್ ಮ್ಯಾನೇಜರ್ ಮೆಚ್ಚಲೇಬೇಕು. ಮಧ್ಯಾಹ್ನ ಹತ್ತಿದ ಕ್ಷಣದಿಂದ ಮರುದಿನ ಇಳಿಯುವವರೆಗೆ ಅರ್ಧರ್ಧ ಗಂಟೆಯ ಲೆಕ್ಕ. ಊಟ, ಗುಹೆ, ಕಯಾಕ್, ಸ್ಪ್ರಿಂಗ್ ರೋಲ್ ಸುತ್ತುವ ಪಾಠ, ರಾತ್ರಿ ದೀಪ ಬಿಟ್ಟು ಸ್ಕ್ವಿಡ್ ಹಿಡಿಯುವ ಆಟ, ಬೆಳಿಗ್ಗೆ ಡೆಕ್ಕಿನ ಮೇಲೆ ತೈ ಚಿ. ಒಂದೂ ಸ್ಕ್ವಿಡ್ ಸಿಗಲಿಲ್ಲ, ಯಾರಿಗೂ ಸಿಗುವುದಿಲ್ಲವೆಂದು ಕಾಣುತ್ತದೆ. ಸುತ್ತ ಲಂಗರು ಹಾಕಿದ ಇತರ ಹಡಗುಗಳಲ್ಲೂ ಅದೇ ಹೊತ್ತಿಗೆ ಅದೇ ಹಸಿರು ದೀಪ. ಹಡಗುಗಳೆಲ್ಲ ಬಿಳಿ. 2012ರಲ್ಲಿ ಪ್ರಾಂತ್ಯದ ಆಡಳಿತ ಪ್ರವಾಸಿ ದೋಣಿಗಳಿಗೆಲ್ಲ ಬಿಳಿ ಬಳಿಯಬೇಕೆಂದು ಆಜ್ಞೆ ಮಾಡಿದ ಮೇಲೆ ಹಳೆಯ ಕಂದು ಮರದ ಬಣ್ಣ ಹೋಯಿತು. ಹೊರಡುವ ಮುನ್ನ ನಾನು ಓದಿದ ಪ್ರವಾಸ ಬರಹಗಳಲ್ಲಿ ಈ ಕಂದು ಬಣ್ಣಕ್ಕಾಗಿ ಮರುಗಿದವರು ಹಲವರು. ತೇಲುವ ಮನೆಗಳ ಬಗ್ಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು.

ಎರಡನೆಯ ದಿನ ಬೆಳಿಗ್ಗೆ ನಮ್ಮನ್ನು ಕುವಾ ವಾನ್ ಎಂಬಲ್ಲಿ ಬಿದಿರಿನ ದೋಣಿಗೆ ಇಳಿಸಿದರು. ಹಿಂದೆ ಅದೇ ಕೊಲ್ಲಿಯ ದೊಡ್ಡ ತೇಲುವ ಹಳ್ಳಿ. ಗುಡ್ಡಗಳ ನಡುವೆ ಕೆರೆಯಂತೆ ನಿಂತ ನೀರು, ನೀಲಿ, ಹಸಿರು ಬಣ್ಣದ ಕೆಲವು ಮರದ ಮನೆಗಳು, ಒಂದು ಪುಟ್ಟ ಸಂಗ್ರಹಾಲಯ. ಹುಟ್ಟು ಹಾಕುತ್ತಿದ್ದಾಕೆಗೆ ನನ್ನದೇ ವಯಸ್ಸಿರಬಹುದು. ಮಗಳು ಕೇಳಿದಳು: "ಅಪ್ಪಾ, ಮನೆ ಇದೆ, ಜನ ಎಲ್ಲಿ?" ಗೈಡ್ ಹುಡುಗ ಹುಟ್ಟು ಹಾಕುವಾಕೆಯನ್ನೇ ತೋರಿಸಿದ. ಆಕೆ ಹುಟ್ಟಿ ಬೆಳೆದದ್ದು ಇಲ್ಲೇ. ಈಗ ದಿನಾ ದಡದಿಂದ ಬರುತ್ತಾಳೆ, ನಮ್ಮಂಥವರನ್ನು ಕೂರಿಸಿಕೊಂಡು ತನ್ನ ಹಳೆಯ ಊರನ್ನು ಸುತ್ತಿಸುತ್ತಾಳೆ, ಸಂಜೆ ವಾಪಸು.

ನಾನು ಕೇಳಬಾರದ ಪ್ರಶ್ನೆಯೇನೂ ಕೇಳಲಿಲ್ಲ, ಎಲ್ಲ ಪ್ರವಾಸಿಗಳೂ ಕೇಳುವುದನ್ನೇ ಕೇಳಿದೆ. ಇಲ್ಲಿಯ ಬದುಕು ನೆನಪಾಗುತ್ತದೆಯೇ? ಗೈಡ್ ಅನುವಾದಿಸಿದ. ಆಕೆ ಸ್ವಲ್ಪ ಹೊತ್ತು ಹುಟ್ಟು ಹಾಕಿ, ಮಗ ಹೈಸ್ಕೂಲು ಓದುತ್ತಿದ್ದಾನೆ, ಬಿರುಗಾಳಿಯ ರಾತ್ರಿ ಈಗ ನಿದ್ದೆ ಬರುತ್ತದೆ, ಆದರೆ ದಡದಲ್ಲಿ ನೀರಿಗೂ ದುಡ್ಡು, ತರಕಾರಿಗೂ ದುಡ್ಡು ಎಂದಳಂತೆ. ಆಮೇಲೆ ತಿರುಗಿ ನನ್ನನ್ನೇ ಕೇಳಿದಳು: ನಿಮ್ಮ ಊರು ಯಾವುದು, ನೀವು ಅಲ್ಲೇ ಇರುತ್ತೀರಾ?

ನನ್ನ ಊರು ಸಾಗರ ತಾಲೂಕು. ನಾನಿರುವುದು ಅಲ್ಲಿಂದ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಪುಣೆಯಲ್ಲಿ, ಇಪ್ಪತ್ತು ವರ್ಷದಿಂದ. ಹಾಗೆಂದೆ. ಆಕೆ ತಲೆಯಾಡಿಸಿದಳು.

ಒಕ್ಕಲೆಬ್ಬಿಸಿದ್ದಕ್ಕೆ ಸರ್ಕಾರ ಕೊಟ್ಟ ಕಾರಣಗಳು ಟೊಳ್ಳಲ್ಲ. ಚಂಡಮಾರುತದ ಭಯ, ಮಕ್ಕಳ ಓದು, ನೀರಿನ ಮಾಲಿನ್ಯ. ಮನೆಗಳ ಅಡಿಯ ಫೋಮ್ ತೇಲುಬುರುಡೆಗಳು ಒಡೆದು ಬಿಳಿ ಕಾಳುಗಳಾಗಿ ಕೊಲ್ಲಿ ತುಂಬ ಹರಡುತ್ತಿದ್ದವು. 2024ರ ಸೆಪ್ಟೆಂಬರಿನಲ್ಲಿ ಯಾಗಿ ಚಂಡಮಾರುತ ನೇರ ಇದೇ ಕರಾವಳಿಗೆ ಬಡಿದು ಮೀನು ಸಾಕುವ ಪಂಜರಗಳನ್ನೆಲ್ಲ ಹೊತ್ತೊಯ್ದಿತು, ದಡದಲ್ಲಿ ಕಟ್ಟಿದ್ದ ಪ್ರವಾಸಿ ದೋಣಿಗಳೂ ಮುಳುಗಿದವು. ಆ ಮುನ್ನೂರು ಕುಟುಂಬಗಳು ಆ ದಿನ ನೀರಿನ ಮೇಲಿದ್ದಿದ್ದರೆ ಎಂದು ಯೋಚಿಸಿದರೆ, ಎಬ್ಬಿಸಿದ ಅಧಿಕಾರಿಗಳನ್ನು ಬೈಯಲು ನಾಲಿಗೆ ಏಳುವುದಿಲ್ಲ.

ಆದರೂ ಲೆಕ್ಕ ಪೂರ್ತಿ ಕೂಡುವುದಿಲ್ಲ. ಅಪಾಯವೇ ಕಾರಣವಾದರೆ ಅದು ನನಗೂ ಅಪಾಯವೇ. 2025ರ ಜುಲೈ 19ರಂದು ಹಠಾತ್ತನೆ ಎದ್ದ ಗಾಳಿಗೆ ಇದೇ ಕೊಲ್ಲಿಯಲ್ಲಿ ಒಂದು ಪ್ರವಾಸಿ ದೋಣಿ ಮಗುಚಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೂ ಪ್ರವಾಸ ನಿಲ್ಲಲಿಲ್ಲ, ಐದು ತಿಂಗಳ ನಂತರ ನಾನೇ ಹೋಗಿ ಬಂದೆ. ಮಾಲಿನ್ಯವೇ ಕಾರಣವಾದರೆ ಅಷ್ಟೊಂದು ಹಡಗುಗಳ ಅಡುಗೆಮನೆ, ಬಚ್ಚಲು, ಜನರೇಟರುಗಳೇನು ತುಳಸಿ ನೀರು ಬಿಡುತ್ತವೆಯೇ? ಅಪಾಯವೂ ಮಾಲಿನ್ಯವೂ ಪ್ರವಾಸಿಯ ವಿಷಯದಲ್ಲಿ ನಿಯಮ ಹಾಕಿ ಸಂಭಾಳಿಸಬಹುದಾದ ಸಮಸ್ಯೆಗಳು. ನಿವಾಸಿಯ ವಿಷಯದಲ್ಲಿ ಅವೇ ಎತ್ತಂಗಡಿಯ ಕಾರಣಗಳು.

ಯಾಕೆ ಹೀಗೆ? ನನ್ನ ವೃತ್ತಿಯ ಕಣ್ಣಿಗೆ ಕಂಡದ್ದು ಇಷ್ಟು. 1994ರಲ್ಲಿ ಯುನೆಸ್ಕೋ ಈ ಕೊಲ್ಲಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ನಿಸರ್ಗ ಸೌಂದರ್ಯಕ್ಕಾಗಿ. 2000ದಲ್ಲಿ ಭೂವಿಜ್ಞಾನದ ಮಹತ್ವವೂ ಸೇರಿತು. 2023ರಲ್ಲಿ ಪಕ್ಕದ ಕಾತ್ ಬಾ ದ್ವೀಪಸಮೂಹವನ್ನೂ ಜೋಡಿಸಿದರು. ಸೌಂದರ್ಯ ಮತ್ತು ಕಲ್ಲು. ಹುಟ್ಟು ಹಾಕುವವರು ಆ ಪಟ್ಟಿಯ ಮಾನದಂಡದಲ್ಲಿ ಇಲ್ಲ. ಸಾಫ್ಟ್‌ವೇರ್ ಕಟ್ಟುವವರಿಗೆ ಇದು ಗೊತ್ತು: ಶುರುವಿನಲ್ಲಿ ಬೇಕು-ಬೇಡಗಳ ಪಟ್ಟಿ ಬರೆಯುವಾಗ ಬಿಟ್ಟುಹೋದದ್ದು ಮುಂದೆ ಎಂದೂ ಸರಿಯಾದ ಜಾಗಕ್ಕೆ ಬರುವುದಿಲ್ಲ. ಬಂದರೆ ದೋಷದ ಪಟ್ಟಿಯಲ್ಲಿ ಬರುತ್ತದೆ. ಯಾರೂ ಕೆಟ್ಟವರಾಗಬೇಕಿಲ್ಲ, ಪಟ್ಟಿಯೇ ಆ ಕೆಲಸ ಮಾಡುತ್ತದೆ.

ಇಷ್ಟು ಹೇಳಿದ ಮೇಲೆ 'ಅಯ್ಯೋ, ಎಂಥ ಸಂಸ್ಕೃತಿ ಹಾಳಾಯಿತು' ಎಂದು ಮರುಗುವುದು ಸುಲಭ. ಆ ಮರುಕವನ್ನು ನಾನು ನಂಬುವುದಿಲ್ಲ. ತೇಲುವ ಮನೆ, ಅದರ ಜಗುಲಿಯಲ್ಲಿ ನಾಯಿ, ಬಲೆ ಹೆಣೆಯುವ ಅಜ್ಜ, ಇವೆಲ್ಲ ಇದ್ದಿದ್ದರೆ ನನ್ನ ಫೋಟೋ ಇನ್ನೂ ಚೆನ್ನಾಗಿ ಬರುತ್ತಿತ್ತು. ಖಾಲಿ ಮಾಡಿಸಿದವರೂ ಮರುಗುವವರೂ ಕೇಳುತ್ತಿರುವುದು ಒಂದೇ ಪ್ರಶ್ನೆ: ಇವರು ಚಿತ್ರದಲ್ಲಿ ಇರಬೇಕೋ ಬೇಡವೋ?

ಊರು ಬಿಟ್ಟ ನಮ್ಮಂಥವರಲ್ಲಿ ಈ ಚಾಳಿ ಇನ್ನೂ ಹೆಚ್ಚು. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ, 1964ರಲ್ಲಿ, ನಮ್ಮ ಕಡೆಯೂ ಹೀಗೇ ಒಂದು ದ್ವೀಪಗಳ ಕೊಲ್ಲಿ ಹುಟ್ಟಿತು. ಅಲ್ಲೂ ದ್ವೀಪ ಎಂದರೆ ಮುಳುಗದೆ ಉಳಿದ ಗುಡ್ಡದ ತಲೆಯೇ. ಹಾ ಲಾಂಗಿಗೆ ಸಾವಿರಾರು ವರ್ಷ ಹಿಡಿದದ್ದು ಶರಾವತಿಗೆ ಕೆಲವೇ ಮಳೆಗಾಲದಲ್ಲಿ ಆಯಿತು. ಹಿನ್ನೀರಿನಾಚೆಯ ಕರೂರು ಹೋಬಳಿಯಲ್ಲಿ, ತುಮರಿಯ ಹತ್ತಿರ, ನನ್ನ ಸೋದರತ್ತೆಯ ಮನೆ. ಅವರಿಗೆ ಸಾಗರದ ದಾರಿ ಎಂದರೆ ಲಾಂಚ್. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಸುತ್ತುಬಳಸು ದಾರಿ ಹಿಡಿಯಬೇಕು, ಇಲ್ಲವೇ ಬೆಳಗಿನವರೆಗೆ ಕಾಯಬೇಕು. ದಶಕಗಳ ಕಾಲ ಕೇಳಿ ಕೇಳಿ ಕೊನೆಗೆ 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದದ ಸೇತುವೆ ತೆರೆಯಿತು. ಆ ವಾರ ನಮ್ಮ ಪುಣೆ, ಮುಂಬಯಿ ಕನ್ನಡಿಗರ ಗುಂಪುಗಳಲ್ಲಿ ಲಾಂಚಿನ ಹಳೆಯ ಫೋಟೋಗಳ ಸುರಿಮಳೆ, 'ಇನ್ನು ಆ ಮಜಾ ಇಲ್ಲ' ಎಂಬ ನಿಟ್ಟುಸಿರು. ಅತ್ತೆಗೆ ಫೋನಿನಲ್ಲಿ ಇದನ್ನು ಹೇಳಿದರೆ, "ಫೋಟೋ ತೆಗೆದವ್ರು ತೆಗೆದು ಹೋದ್ರು ಮಾರಾಯ. ನಿನ್ ಮಾವಂಗೆ ಎದೆನೋವು ಬಂದಿದ್ದು ರಾತ್ರಿ ಹನ್ನೊಂದು ಗಂಟೆಗೆ" ಎಂದರು.

ಹಾಗಾದರೆ ಆ ಹುಟ್ಟಿನಾಕೆಯ ಮಗ ಓದುತ್ತಿದ್ದಾನೆ, ಆಕೆಗೆ ನಿದ್ದೆ ಬರುತ್ತಿದೆ, ಎಬ್ಬಿಸಿದ್ದು ಸರಿ ಎಂದು ಕಡತ ಮುಚ್ಚೋಣವೇ? ಅದೂ ಆಗುವುದಿಲ್ಲ. ಮುಳುಗಡೆಯಾಗಿ ಎದ್ದು ಬಂದ ನನ್ನ ಅಜ್ಜಿಯೂ ಕೊನೆಗಾಲದಲ್ಲಿ ಹೊಸ ಊರೇ ಚೆನ್ನಾಗಿದೆ ಎನ್ನುತ್ತಿದ್ದರು. ಕರೆಂಟು ಬಂತು, ಬಸ್ಸು ಬಂತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಹಳೆಯ ಮಡೆನೂರು ಅಣೆಕಟ್ಟು ಮೇಲೇಳುತ್ತದೆ, ಈಗ ಅದೂ ಪ್ರೇಕ್ಷಣೀಯ ಸ್ಥಳ. ಅಜ್ಜಿ ಮಾತ್ರ ಒಮ್ಮೆಯೂ ನೋಡಲು ಬರಲಿಲ್ಲ. ಕೊರತೆಯಲ್ಲೇ ಬದುಕಿದವರು ತಮ್ಮ ಆಸೆಯನ್ನು ಕೊರತೆಯ ಅಳತೆಗೆ ಕುಗ್ಗಿಸಿಕೊಳ್ಳುತ್ತಾರೆ, ಆದ್ದರಿಂದ ಅವರ ತೃಪ್ತಿಯನ್ನೇ ನ್ಯಾಯದ ಅಳತೆಗೋಲು ಮಾಡಬಾರದು ಎಂದು ಅಮರ್ತ್ಯ ಸೇನ್ ವಾದಿಸುತ್ತಾರೆ. ಅಜ್ಜಿಯನ್ನು ನೆನೆದರೆ ಅದು ನಿಜ ಅನಿಸುತ್ತದೆ. ಆದರೆ ಈ ವಾದವನ್ನು ಹೆಚ್ಚು ಎಳೆದರೆ ಇನ್ನೊಂದು ತೊಂದರೆ: ಆಕೆ 'ಚೆನ್ನಾಗಿದ್ದೇನೆ' ಎಂದರೆ ನಾನು ನಂಬುವುದಿಲ್ಲ, 'ದುಃಖವಾಗಿದೆ' ಎಂದರೆ ಮಾತ್ರ ನಂಬುತ್ತೇನೆ. ಅಂದಮೇಲೆ ಆಕೆಯನ್ನು ಕೇಳುವ ನಾಟಕವಾದರೂ ಯಾಕೆ?

ಆದ್ದರಿಂದ ಮನಸ್ಸಿನ ಸ್ಥಿತಿಯನ್ನು ಬಿಟ್ಟು ದಾರಿಗಳನ್ನು ಎಣಿಸುವುದೇ ಮೇಲು ಎಂದು ನನಗೆ ಕಾಣುತ್ತದೆ. ಊರು ಬಿಡುವುದರಲ್ಲಿ ಅನ್ಯಾಯವಿಲ್ಲ, ನಾನೂ ಬಿಟ್ಟೆ, ಈ ಪತ್ರಿಕೆ ಓದುವ ಬಹುತೇಕರೂ ಬಿಟ್ಟವರೇ. ಆದರೆ ನನ್ನ ಮನೆಯ ಬೀಗದ ಕೈ ಜೇಬಿನಲ್ಲಿದೆ. ನಾಳೆ ಪುಣೆ ಸಾಕೆನಿಸಿದರೆ ಸಾಗರದ ಬಸ್ಸು ಹತ್ತಬಹುದು, ಹತ್ತುವುದಿಲ್ಲ ಎಂಬುದು ಬೇರೆ ಮಾತು. ಅಜ್ಜಿಗೆ ಆ ದಾರಿಯನ್ನು ನೀರು ಮುಚ್ಚಿತು. ಹುಟ್ಟಿನಾಕೆಗೆ ನಿಯಮ ಮುಚ್ಚಿದೆ. ತನ್ನ ಊರಿಗೆ ಆಕೆ ಕೆಲಸದವಳಾಗಿ ದಿನವೂ ಬರಬಹುದು, ಸಂಜೆ ಏಳಬೇಕು. ಆಕೆಗಿಲ್ಲದ ರಾತ್ರಿ ನನಗೆ ಕೆಲವು ಸಾವಿರ ರೂಪಾಯಿಗೆ ಸಿಕ್ಕಿತು. ಮುಳುಗಡೆಯವರ ಹಕ್ಕುಪತ್ರದ ಹೋರಾಟ ಅರವತ್ತು ವರ್ಷವಾದರೂ ಮುಗಿದಿಲ್ಲ ಎನ್ನುವಾಗಲೂ ವಿಷಯ ಇದೇ. ಹೋದದ್ದಕ್ಕೆ ಬದಲಾಗಿ ನಿಂತ ನೆಲವಾದರೂ ತಮ್ಮದೆಂದು ಹೇಳಿಕೊಳ್ಳುವ ಕಾಗದ ಬೇಕು.

ಹಾ ಲಾಂಗಿಗೆ ಹೋಗಬೇಡಿ ಎನ್ನುತ್ತಿಲ್ಲ. ಹೋಗಿ, ಚಳಿಗಾಲದಲ್ಲಿ ಹೋಗಿ, ಮಂಜು ಚೆನ್ನಾಗಿರುತ್ತದೆ. ನೀವು ಹೋಗದಿದ್ದರೆ ಆಕೆಯ ದಿನಗೂಲಿಯೂ ಹೋಗುತ್ತದೆ. ನನ್ನ ತಕರಾರು ನೋಡುವವರು ಹೋಗುವುದರ ಬಗ್ಗೆ ಅಲ್ಲ, ನೋಡುವವರ ಕಣ್ಣಿಗೆ ಹಿತವಾಗುವುದನ್ನು ಜಾಗದ ಹಿತ ಎಂದು ಬರೆದಿಡುವ ಕಾಗದದ ಬಗ್ಗೆ.

ಸಂಕ್ರಾಂತಿಗೆ ಫೋನ್ ಮಾಡಿದಾಗ ಅತ್ತೆ ಪ್ರವಾಸದ ವಿಷಯ ಕೇಳಿದರು. ನೀರಿನ ನಡುವೆ ಗುಡ್ಡಗಳು, ಹಡಗಿನಲ್ಲೇ ಊಟ, ಹಡಗಿನಲ್ಲೇ ನಿದ್ದೆ ಎಂದು ವರ್ಣಿಸಿದೆ. ಎಲ್ಲ ಕೇಳಿಸಿಕೊಂಡು, "ಅಲ್ದ, ಅಲ್ಲಿಯವ್ರಿಗೆ ರಾತ್ರಿ ಹುಷಾರು ತಪ್ಪಿದ್ರೆ ಎಂತ ಮಾಡ್ತಾರೆ? ಸೇತುವೆ ಆಗಿದ್ಯ?" ಎಂದರು.

"ಸೇತುವೆ ಇಲ್ಲ ಅತ್ತೆ. ಈಗ ಅಲ್ಲಿಯವ್ರು ಅಂತ ಯಾರೂ ಅಲ್ಲಿಲ್ಲ" ಎಂದೆ.