ಮೊದಲು ಯಾರ ಬಸ್ಸು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ಅದು ಶಾಲೆಗಳ ಲೆಕ್ಕ. ಕಾಲೇಜಿನಲ್ಲಿ ಪಾಠ ಮಾಡುವ ನಾವು ಕೆಲವು ಹೆಂಗಸರು ಅದೇ ಗಡಿಯನ್ನು ನಮ್ಮ ಅನುಕೂಲಕ್ಕೆ ಇಟ್ಟುಕೊಂಡು ಆಗಾಗ ಒಂದು ಭಾನುವಾರ ಮಧುಗಿರಿಯಲ್ಲಿ ಸೇರುತ್ತೇವೆ. ಹೆಸರಿಲ್ಲ, ರಿಜಿಸ್ಟ್ರೇಷನ್ ಇಲ್ಲ, ಅಧ್ಯಕ್ಷೆ ಇಲ್ಲ. ಪಿಎಚ್.ಡಿ. ಅರ್ಧಕ್ಕೆ ನಿಂತವರು, ಗೈಡ್ ಕಾಟ ತಡೆಯಲಾರದವರು, ಮನೆಯಲ್ಲಿ ಓದಲು ಒಂದು ಮೇಜಿಲ್ಲದವರು ಬರುತ್ತಾರೆ. ಬೇಯಿಸಿದ ಕಡಲೆಕಾಯಿ, ಕಾಫಿ, ಎರಡು ಗಂಟೆ ಮಾತು.

ಸಮಾನತೆ, ಗೌರವ, ಸಹಕಾರ ನಮ್ಮ ಮೌಲ್ಯಗಳು ಎಂದು ಮೊದಲ ಭೇಟಿಯಲ್ಲೇ ಒಪ್ಪಿಕೊಂಡೆವು. ಅದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಇಂಥದ್ದನ್ನು ಬೇಡ ಎನ್ನುವವರು ಯಾರು? ಚರ್ಚೆ ಕಾವೇರಿದ್ದು ಆಮೇಲೆ, ಮೊದಲು ಯಾರು ಮಾತಾಡಬೇಕು, ಲೋಟ ಯಾರು ತೊಳೆಯಬೇಕು ಎಂಬ ಮಾತು ಬಂದಾಗ. ಮೌಲ್ಯ ದೊಡ್ಡದು, ಸಭೆಯ ನಡಾವಳಿ ಚಿಲ್ಲರೆ ವಿಷಯ ಎನ್ನುವುದು ರೂಢಿ. ನನಗೀಗ ಅದು ತಲೆಕೆಳಗಾಗಿ ಕಾಣುತ್ತದೆ.

ನಮ್ಮ ಚಾಪೆಯ ಮೇಲೆ ಯಾರು ಯಾರ ಪಕ್ಕ ಕೂರುತ್ತಾರೆ ನೋಡಿ. ನನ್ನಂಥ ಕಾಯಂ ನೌಕರಳು ಒಂದು ಕಡೆ. ಪಕ್ಕದಲ್ಲಿ ಅತಿಥಿ ಉಪನ್ಯಾಸಕಿ. ಅವಳ ಕೆಲಸ ನಿಂತಿರುವುದು ವರ್ಷವರ್ಷದ ಕಾರ್ಯಭಾರದ ಮೇಲೆ. ನಾನು ವರ್ಗವಾಗಿ ಅವಳ ಕಾಲೇಜಿಗೆ ಹೋದರೆ ಅವಳ ತರಗತಿಗಳು ನನ್ನವಾಗುತ್ತವೆ, ಅವಳು ಹೊರಗೆ. ಇಂಥ ಇಬ್ಬರು 'ನಾವೆಲ್ಲ ಸಮಾನರು' ಎಂದು ಒಟ್ಟಿಗೆ ಹೇಳಿದರೆ ಅದರಲ್ಲಿ ನಿಜವೆಷ್ಟು, ಸಭ್ಯತೆಯೆಷ್ಟು?

ಪ್ರಾರ್ಥನೆಯ ಪ್ರಸ್ತಾಪವೂ ಬಂತು. ಒಂದು ವಚನ ಹಾಡಿ ಶುರುಮಾಡೋಣ, ಅದು ಯಾವ ಜಾತಿಮತಕ್ಕೂ ಸೇರಿದ್ದಲ್ಲ ಎಂದವರು ನಾವೇ, ಕನ್ನಡ ವಿಭಾಗದವರು. ಶಿರಾದಿಂದ ಬರುವ ಮುಸ್ಲಿಂ ಗೆಳತಿ ನಕ್ಕು, "ಹಾಡಿ, ನನಗೇನೂ ಬೇಜಾರಿಲ್ಲ" ಎಂದಳು. "ಬೇಜಾರಿಲ್ಲ ಅಂತ ಅವರೊಬ್ಬರೇ ಯಾಕೆ ಹೇಳಬೇಕಾಯ್ತು ಮೇಡಂ?" ಎಂದು ಕೇಳಿದ್ದು ನಮ್ಮಲ್ಲೆಲ್ಲ ಕಿರಿಯಳಾದ ಪಾವಗಡದ ಹುಡುಗಿ. ಪ್ರಾರ್ಥನೆ ಕೈಬಿಟ್ಟೆವು. ಅಂದಿನಿಂದ ಸಭೆ ಶುರುವಾಗುವುದು ಒಂದು ಪ್ರಶ್ನೆಯಿಂದ: ಮೊದಲು ಯಾರ ಬಸ್ಸು? ಬೇಗ ಎದ್ದು ಹೋಗಬೇಕಾದವಳದೇ ಮೊದಲ ಮಾತು. ಹೆಚ್ಚಾಗಿ ಅದು ಪಾವಗಡದ ಸರದಿ. ಮೂರು ಕಡೆ ಆಂಧ್ರ ಸುತ್ತುವರಿದ ತಾಲ್ಲೂಕು ಅದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿಗೆ ನಮಗೆ ಚಾರ್ಜಿಲ್ಲ ನಿಜ, ಆದರೆ ಬಸ್ಸು ಬರಬೇಕಲ್ಲ!

ಸಭೆಯ ಮರ್ಯಾದೆ ಎಂದೊಡನೆ ನನಗೆ ನೆನಪಾಗುವವಳು ಗಾರ್ಗಿ. ಬೃಹದಾರಣ್ಯಕ ಉಪನಿಷತ್ತಿನ ಮೂರನೇ ಅಧ್ಯಾಯ, ಜನಕನ ಸಭೆ. ಅವಳು ಒಂದರ ಮೇಲೊಂದು ಪ್ರಶ್ನೆ ಹಾಕುತ್ತ ಬ್ರಹ್ಮಲೋಕದವರೆಗೆ ಹೋದಾಗ ಯಾಜ್ಞವಲ್ಕ್ಯ, ಅತಿಯಾಗಿ ಕೇಳಬೇಡ, ತಲೆ ಉದುರೀತು ಎನ್ನುತ್ತಾನೆ. ಗಾರ್ಗಿ ಸುಮ್ಮನಾಗುತ್ತಾಳೆ. ತಲೆಯ ಮಾತು ಅಲ್ಲಿ ಗಂಡಸರಿಗೂ ಬಂದಿದೆ. ಶಾಕಲ್ಯನ ತಲೆ ಬಿದ್ದೇ ಹೋಯಿತು. ಆದರೆ ಮತ್ತೆ ಎದ್ದು ನಿಂತು, ಇನ್ನೆರಡು ಪ್ರಶ್ನೆ ಕೇಳಲೇ ಎಂದು ಇಡೀ ಸಭೆಯ ಅಪ್ಪಣೆ ಪಡೆದವಳು ಗಾರ್ಗಿ. ಕೊನೆಗೆ, ಈ ಯಾಜ್ಞವಲ್ಕ್ಯನನ್ನು ಯಾರೂ ಗೆಲ್ಲಲಾರಿರಿ ಎಂದು ತೀರ್ಪು ಕೊಟ್ಟವಳೂ ಅವಳೇ.

ಶೂನ್ಯಸಂಪಾದನೆಯ ಅನುಭವ ಮಂಟಪದಲ್ಲೂ ಅಷ್ಟೆ. ಅಲ್ಲಮ ಯಾರನ್ನೂ ಸುಲಭಕ್ಕೆ ಬಿಡುವವನಲ್ಲ, ಸಿದ್ಧರಾಮನನ್ನೂ ಬಿಡಲಿಲ್ಲ. ಆದರೆ ಗಂಡನ್ಯಾರು, ಮೈಯನ್ನು ಕೂದಲಿನಿಂದ ಮರೆಮಾಡಿದ್ದೇಕೆ ಎಂಬ ಪ್ರಶ್ನೆ ಬಂದದ್ದು ಅಕ್ಕಮಹಾದೇವಿಗೆ ಮಾತ್ರ. ಅಕ್ಕ ಗೆದ್ದಳು, ಮಂಟಪ ತಲೆಬಾಗಿತು. ಆದರೂ ಬಾಗಿಲಲ್ಲಿ ಅವಳಿಗಿದ್ದ ಪರೀಕ್ಷೆ ಬೇರೆಯದೇ. ವೈವಾ ಕೋಣೆಯಲ್ಲಿ, ಸಂದರ್ಶನದ ಮೇಜಿನ ಮುಂದೆ "ಮದುವೆ ಆಗಿದೆಯೇನಮ್ಮ?" ಎಂದು ಕೇಳಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಮರ್ಯಾದೆಯೆಂಬುದೇ ಬಾಯಿ ಮುಚ್ಚಿಸುವ ಉಪಾಯವೇ? ಹಾಗನ್ನಲಾರೆ. ಬೌದ್ಧ ಸಂಘದಲ್ಲಿ ಪವಾರಣೆ ಎಂಬ ಪದ್ಧತಿಯಿದೆ. ಮಳೆಗಾಲದ ಮೂರು ತಿಂಗಳು ಒಟ್ಟಿಗೆ ಕಳೆದ ಭಿಕ್ಷುಗಳು ಕೊನೆಯ ದಿನ, ನನ್ನಲ್ಲಿ ಕಂಡ, ಕೇಳಿದ, ಶಂಕಿಸಿದ ತಪ್ಪಿದ್ದರೆ ಹೇಳಿ ಎಂದು ಸಂಘವನ್ನು ಬೇಡಿಕೊಳ್ಳುತ್ತಾರೆ. ಮೊದಲು ಕೈಮುಗಿಯಬೇಕಾದವನು ಹಿರಿಯ ಭಿಕ್ಷು. ಅದೇ ಸಂಘದಲ್ಲಿ ಭಿಕ್ಷುಣಿಯರು ಭಿಕ್ಷುಗಳ ತಪ್ಪು ಎತ್ತಿ ಆಡುವಂತಿರಲಿಲ್ಲ ಎಂಬುದೂ ನಿಜ. ಒಂದೇ ಸಂಘ, ಎರಡು ಬಗೆಯ ನಿಯಮ: ಒಂದು ಬಲವುಳ್ಳವನನ್ನು ಬಾಗಿಸುತ್ತದೆ, ಇನ್ನೊಂದು ಬಲವಿಲ್ಲದವಳನ್ನು ಸುಮ್ಮನಿರಿಸುತ್ತದೆ. ನಾನು ಧರ್ಮ ಎನ್ನುವುದು ಮೊದಲನೆಯದನ್ನು ಮಾತ್ರ.

ಆ ಮೊದಲನೆಯ ನಿಯಮವನ್ನು ನಾವು ಎತ್ತಿಕೊಂಡಿದ್ದೇವೆ. ಸಭೆ ಮುಗಿಯುವಾಗ, ನಾನು ಯಾರ ಮಾತನ್ನಾದರೂ ತುಂಡರಿಸಿದೆನೇ ಎಂದು ಕೇಳಬೇಕಾದವರು ಹೆಚ್ಚು ಸರ್ವೀಸ್ ಆದವರು. ಲೋಟ ತೊಳೆಯುವ ಸರದಿಯೂ ಅವರಿಂದಲೇ ಶುರು. ಒಬ್ಬಳು ಕಷ್ಟ ಹೇಳಿಕೊಂಡರೆ, "ಸಲಹೆ ಬೇಕೋ, ಕೇಳಿಸಿಕೊಂಡರೆ ಸಾಕೋ?" ಎಂದು ಕೇಳದೆ ಉಪದೇಶ ಮಾಡುವಂತಿಲ್ಲ, ಮೂವತ್ತು ವರ್ಷ ಪಾಠ ಹೇಳಿದ ಬಾಯಿಗೆ ಇದಕ್ಕಿಂತ ಕಠಿಣ ವ್ರತವಿಲ್ಲ. ಇಲ್ಲಿ ಆಡಿದ್ದು ಇಲ್ಲೇ ಉಳಿಯಬೇಕು, ಏಕೆಂದರೆ ಕೊರಟಗೆರೆಯಲ್ಲಿ ಸೀನಿದರೆ ಮಧುಗಿರಿಯಲ್ಲಿ ನೆಗಡಿ ಎನ್ನುವಷ್ಟು ಹತ್ತಿರದ ಊರುಗಳು ನಮ್ಮವು. ಮಾತಿನ ಅಳತೆಗೆ ನಮ್ಮ ಗುರು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ವಾಪಸ್ಸು ಸುರಿದು ಬಾ ಎಂದವಳು ಅವಳು. ಸಭೆಯ ಸಮಯವೂ ಆ ಅಕ್ಕಿಯಂತೆಯೇ: ಹೆಚ್ಚು ಬಾಚಿಕೊಂಡರೆ ಅದು ಇನ್ನೊಬ್ಬಳ ಪಾಲು.

ಎರಡು ಗಂಟೆಯ ಸಮಾನತೆಯಿಂದ ಹೊರಗೆ ಏನು ಬದಲಾಯಿತು ಎಂದು ಕೇಳುವವರಿದ್ದಾರೆ. ಹೆಚ್ಚೇನೂ ಇಲ್ಲ. ಅತಿಥಿ ಉಪನ್ಯಾಸಕಿ ಈಗಲೂ ಅತಿಥಿಯೇ. ಆದರೆ ಒಮ್ಮೆ ವರ್ಗಾವಣೆಯ ಹೊತ್ತಿನಲ್ಲಿ ನಮ್ಮ ಪೈಕಿ ಕಾಯಂ ನೌಕರಳೊಬ್ಬಳು ತಾನು ಕೇಳಲಿರುವ ಕಾಲೇಜಿನ ಹೆಸರನ್ನು ಸಭೆಯಲ್ಲಿ ಮೊದಲೇ ಹೇಳಿದಳು. ಅಲ್ಲಿ ಪಾಠ ಮಾಡುತ್ತಿದ್ದವಳು ಎದುರಿಗೇ ಕೂತಿದ್ದಳು. ವರ್ಗಾವಣೆ ನಿಲ್ಲಲಿಲ್ಲ. ಆದರೆ ಆ ಅತಿಥಿ ಉಪನ್ಯಾಸಕಿಗೆ ಬೇರೆ ಕಾಲೇಜು ಹುಡುಕಿಕೊಳ್ಳಲು ಸಮಯ ಸಿಕ್ಕಿತು. ಮುಖ ನೋಡಿ ಹೇಳುವ ಅಭ್ಯಾಸ ಇಲ್ಲದಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ನೀವೂ ಇಂಥದೊಂದು ಬಳಗ ಕಟ್ಟುವುದಾದರೆ ಧ್ಯೇಯವಾಕ್ಯವನ್ನು ಆಮೇಲೆ ಬರೆಯಿರಿ. ಮೊದಲು ನಿಯಮಗಳನ್ನು ಒಂದೊಂದಾಗಿ ಓದಿ, ಅಲ್ಲಿ ಎಲ್ಲರಿಗಿಂತ ಗಟ್ಟಿ ನೆಲದ ಮೇಲೆ ನಿಂತವರಿಂದ ಅದು ಏನು ಬೇಡುತ್ತದೆ ಎಂದು ಕೇಳಿ. ಏನನ್ನೂ ಬೇಡದ ನಿಯಮವನ್ನು ಹೊಡೆದುಹಾಕಿ.