ಕಾರ್ಯಬಾಹುಳ್ಯದಲ್ಲಿ ಅವಧಾನ

ಸಂಸಾರಿಯಾದವನ ಬಾಳಿನಲ್ಲಿ ಕೆಲವು ದಿನಗಳು ಬರುತ್ತವೆ. ಅಂದು ಸೂರ್ಯೋದಯಕ್ಕೆ ಮುಂಚೆಯೇ ಕೆಲಸಗಳು ಬಾಗಿಲಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಕಣದಲ್ಲಿ ಜೋಳದ ರಾಶಿ ಬಿದ್ದಿದೆ, ಮೇಲೆ ಮೋಡ ಕವಿಯುತ್ತಿದೆ. ಮಗಳ ಲಗ್ನ ನಾಳೆಗೆ ಬಂದು ನಿಂತಿದೆ. ಅಂಗಡಿಯ ವರ್ಷದ ಲೆಕ್ಕ ಇಂದೇ ಮುಗಿಯಬೇಕಾಗಿದೆ. ಇಷ್ಟರ ನಡುವೆ ಕೈಯಲ್ಲಿಯ ಮೊಬೈಲು ಕ್ಷಣಕ್ಕೊಮ್ಮೆ ಕೂಗುತ್ತದೆ. ಇಂಥ ದಿನಗಳಲ್ಲಿ ಮೊದಲು ಮೊಟಕಾಗುವುದು ಪೂಜೆ, ಅನಂತರ ಊಟ, ಆಮೇಲೆ ಮಾತಿನ ಮೃದುತ್ವ. ಸಂಜೆಯ ಹೊತ್ತಿಗೆ ಕೆಲಸಗಳೇನೋ ಮುಗಿದಿರುತ್ತವೆ; ಆದರೆ ಮಡದಿಯ ಮನಸ್ಸು ನೊಂದಿರುತ್ತದೆ, ಆಳಿನ ಮುಖ ಬಾಡಿರುತ್ತದೆ, ಯಜಮಾನನಿಗೆ ತಾನು ದಿನವೆಲ್ಲ ಏನು ಮಾಡಿದೆನೆಂಬುದೇ ನೆನಪಿರುವುದಿಲ್ಲ. ಕಾಯಕವನ್ನು ಪರಮಪವಿತ್ರವೆಂದು ಸಾರಿದ ಧರ್ಮದಲ್ಲಿ ಹುಟ್ಟಿದವನಿಗೆ ಕಾಯಕದಿಂದಲೇ ಶಾಂತಿ ಕೆಡುವುದಾದರೆ ದೋಷವು ಕಾಯಕದ್ದೋ, ಅದನ್ನು ಮಾಡುವ ಮನಸ್ಸಿನದ್ದೋ? ಇದು ವಿಚಾರಣೀಯವಾದ ಪ್ರಶ್ನೆ.

ಹನ್ನೆರಡನೆಯ ಶತಮಾನದ ಶರಣರು ಬಿಡುವುಳ್ಳ ಜನರಾಗಿರಲಿಲ್ಲವೆಂಬುದನ್ನು ಮೊದಲು ಮನಗಾಣಬೇಕು. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತವರು. ಅರಮನೆಯ ಲೆಕ್ಕ ಒಂದು ಕಡೆ, ಮಹಾಮನೆಗೆ ಬಂದ ಜಂಗಮರ ದಾಸೋಹ ಮತ್ತೊಂದು ಕಡೆ. ಮಡಿವಾಳ ಮಾಚಯ್ಯನವರು ಬಟ್ಟೆಯನ್ನು ಒಗೆದರು, ಅಂಬಿಗರ ಚೌಡಯ್ಯನವರು ದೋಣಿಯನ್ನು ನಡೆಸಿದರು, ಮೋಳಿಗೆಯ ಮಾರಯ್ಯನವರು ಕಟ್ಟಿಗೆಯ ಹೊರೆಯನ್ನು ಹೊತ್ತರು. ಇವರ ಶಾಂತಿ ಅಡವಿಯ ಏಕಾಂತದಲ್ಲಿ ದೊರೆತುದಲ್ಲ. ದುಡಿಮೆಯ ನಡುವೆಯೇ ಬೆಳೆದುದು. ಆದಕಾರಣ ಕೆಲಸದ ಬಾಹುಳ್ಯವೇ ಅಶಾಂತಿಗೆ ಕಾರಣವೆಂದು ಹೇಳಿ ಪಾರಾಗಲು ಶರಣಮಾರ್ಗದಲ್ಲಿ ಅವಕಾಶವಿಲ್ಲ.

ಹಾಗಾದರೆ ಕಾರಣವೇನು? ಸೊನ್ನಲಿಗೆಯ ಸಿದ್ಧರಾಮೇಶ್ವರರ ವೃತ್ತಾಂತವು ಇದನ್ನು ಚೆನ್ನಾಗಿ ತೋರಿಸುತ್ತದೆ. ಅವರು ಕೆರೆಯನ್ನು ಕಟ್ಟಿಸುವ, ಗುಡಿಗಳನ್ನು ಎತ್ತಿಸುವ ಮಹಾಕಾರ್ಯದಲ್ಲಿ ತೊಡಗಿದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಕಟುವಾಗಿ ನುಡಿದರೆಂದೂ, ಕೆಲಸದ ಜನ ಕೆರಳಿ ಪ್ರಭುಗಳ ಮೇಲೆ ಕಲ್ಲುಗಳನ್ನು ಎಸೆದರೆಂದೂ, ಸಿದ್ಧರಾಮರೂ ಕೋಪಗೊಂಡು ಬಂದರೆಂದೂ ಶೂನ್ಯಸಂಪಾದನೆಯೇ ಮೊದಲಾದ ಗ್ರಂಥಗಳು ನಿರೂಪಿಸುತ್ತವೆ. ಮಾಡುತ್ತಿದ್ದ ಕೆಲಸ ಕೆಟ್ಟದ್ದೇ? ಬಾಯಾರಿದವರಿಗೆ ನೀರನ್ನು ಒದಗಿಸುವುದಕ್ಕಿಂತ ದೊಡ್ಡ ಪುಣ್ಯ ಯಾವುದು! ಆದರೂ ಆ ಕೆಲಸದ ಮೇಲೆ ಒಂದು ಮಾತು ಬಿದ್ದೊಡನೆ ಕೋಪವು ಭುಗಿಲೆದ್ದಿತು. ಕೆರೆಯ ಜೊತೆಯಲ್ಲಿಯೇ ‘ಇದು ನನ್ನಿಂದ ಆಗುತ್ತಿದೆ’ ಎಂಬ ಭಾವವೂ ಕಟ್ಟಲ್ಪಡುತ್ತಿತ್ತು. ಪ್ರಭುಗಳು ತಿವಿದದ್ದು ಕೆರೆಯನ್ನಲ್ಲ, ಆ ಭಾವವನ್ನು. ಇಂದಿಗೂ ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗುಡಿ ಕೆರೆಯ ನೀರಿನ ನಡುವೆ ನಿಂತಿದೆ. ಕೆಲಸ ಉಳಿಯಿತು, ಅಳಿಯಬೇಕಾಗಿದ್ದುದು ಕರ್ತೃತ್ವದ ಅಹಂಕಾರ ಮಾತ್ರ.

ಗೃಹಸ್ಥನ ತಳಮಳಕ್ಕೂ ಇದೇ ಮೂಲ. ‘ನಾನಿಲ್ಲದಿದ್ದರೆ ಏನೂ ನಡೆಯದು’ ಎಂಬ ಎಣಿಕೆಯು ಹೊಣೆಗಾರಿಕೆಯ ವೇಷದಲ್ಲಿ ಬರುತ್ತದೆ; ಬಂದು, ಹತ್ತು ಕೆಲಸಗಳನ್ನು ಒಮ್ಮೆಗೇ ತಲೆಯ ಮೇಲೆ ಹೇರುತ್ತದೆ. ಕೈ ಒಂದನೆಯ ಕೆಲಸದಲ್ಲಿರುತ್ತದೆ, ಮನಸ್ಸು ಏಳನೆಯದರಲ್ಲಿ ಓಡಾಡುತ್ತಿರುತ್ತದೆ. ಕೈಗೆ ಎಂದೂ ಒಂದಕ್ಕಿಂತ ಹೆಚ್ಚಿನ ಹೊರೆ ಇರುವುದಿಲ್ಲ. ಹೊರೆಯನ್ನು ಹತ್ತಾಗಿಸುವುದು ಮನಸ್ಸು.

ಇದಕ್ಕೆ ಷಟ್‌ಸ್ಥಲಶಾಸ್ತ್ರದಲ್ಲಿಯೇ ಔಷಧವಿದೆ. ಭಕ್ತಸ್ಥಲಕ್ಕೆ ಶ್ರದ್ಧಾಭಕ್ತಿ, ಮಹೇಶಸ್ಥಲಕ್ಕೆ ನಿಷ್ಠಾಭಕ್ತಿ. ಮೂರನೆಯದಾದ ಪ್ರಸಾದಿಸ್ಥಲಕ್ಕೆ ಹೇಳಿದುದು ಅವಧಾನಭಕ್ತಿ. ಅವಧಾನವೆಂದರೆ ಎಚ್ಚರದಿಂದ ಕೂಡಿದ ಏಕಾಗ್ರತೆ. ಪ್ರಸಾದಿಯು ಬಂದ ಪದಾರ್ಥವನ್ನು ಹಾಗೆಯೇ ಬಾಚಿಕೊಳ್ಳುವವನಲ್ಲ. ರೂಪವಾಗಲಿ, ರಸವಾಗಲಿ, ಸ್ಪರ್ಶವಾಗಲಿ, ಮೊದಲು ಲಿಂಗಕ್ಕೆ ಅರ್ಪಿಸಿ ಅನಂತರ ಪ್ರಸಾದವೆಂದು ಸ್ವೀಕರಿಸುವವನು. ಅರ್ಪಣೆಯು ಅವಸರದಲ್ಲಿ ಆಗತಕ್ಕದ್ದಲ್ಲ. ಕಾಣದ್ದನ್ನು ಅರ್ಪಿಸಲಿಕ್ಕೂ ಬರುವುದಿಲ್ಲ. ತಟ್ಟೆಯಲ್ಲಿಯ ಅನ್ನಕ್ಕೆ ಸಲ್ಲುವ ಈ ನಿಯಮ ದಿನದ ಕೆಲಸಕ್ಕೂ ಸಲ್ಲುತ್ತದೆ. ಎದುರಿಗೆ ಬಂದ ಕೆಲಸವನ್ನು ಕಣ್ತೆರೆದು ನೋಡುವುದು, ಇದು ನನ್ನದಲ್ಲವೆಂದು ಅರ್ಪಿಸುವುದು, ಆಮೇಲೆ ಪ್ರಸಾದದಂತೆ ಕೈಗೆತ್ತಿಕೊಳ್ಳುವುದು. ಹೀಗೆ ಮಾಡುವವನಿಗೆ ಒಂದು ಹೊತ್ತಿಗೆ ಒಂದೇ ಕೆಲಸವಿರುತ್ತದೆ.

ಇನ್ನು ಮಿತಿಯ ವಿಷಯ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವರ ಸತಿ ಲಕ್ಕಮ್ಮನವರು ಈ ಆಸೆ ಶರಣರಿಗೆ ಸಲ್ಲದೆಂದು ಹೇಳಿ ಹೆಚ್ಚಿನದನ್ನು ಇದ್ದಲ್ಲಿಗೇ ಒಯ್ದು ಸುರಿಯಹೇಳಿದರು. ಅಕ್ಕಿ ಕದ್ದುದಲ್ಲ, ದುಡಿಮೆಯಿಂದಲೇ ಬಂದುದು. ಆದರೂ ಬೇಕಾದುದಕ್ಕಿಂತ ಹೆಚ್ಚಾದುದು. ‘ಬಿಡುವೇ ಇಲ್ಲ’ ಎನ್ನುವ ಗೃಹಸ್ಥನು ತನ್ನ ದಿನವನ್ನು ಲಕ್ಕಮ್ಮನವರ ಮುಂದೆ ಸುರಿದರೆ ಅದರಲ್ಲಿ ಎಷ್ಟು ಅಕ್ಕಿ ಹಿಂದಕ್ಕೆ ಹೋದೀತು? ನೆರೆಯವರಿಗಿಂತ ಒಂದು ಕೈ ಮೇಲಾಗಬೇಕೆಂಬ ಲಗ್ನದ ಆಡಂಬರ, ಒಲ್ಲೆನೆನ್ನಲಾರದೆ ಒಪ್ಪಿಕೊಂಡ ಪಂಚಾಯಿತಿ, ಸಾಲ ಮಾಡಿ ತೆರೆದ ಎರಡನೆಯ ಅಂಗಡಿ, ಇವೆಲ್ಲವೂ ಕಾಯಕವೆಂಬ ಹೆಸರಿನಲ್ಲಿ ಒಳಹೊಕ್ಕ ಆಸೆಗಳು. ಇವನ್ನು ಇಳಿಸದೆ ಶಾಂತಿಯನ್ನು ಬೇಡುವುದು ಹೊರೆಯನ್ನು ಹೊತ್ತುಕೊಂಡೇ ಹೆಗಲನ್ನು ಒತ್ತಿಸಿಕೊಂಡಂತೆ.

ಇಲ್ಲಿ ಒಂದು ಶಂಕೆ ಏಳುವುದು ಸಹಜ. ಕಾಯಕದಲ್ಲಿ ನಿರತನಾದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆತರೆ ತಪ್ಪಿಲ್ಲವೆಂಬ ಅಭಿಪ್ರಾಯವನ್ನು ಮಾರಯ್ಯನವರೇ ತಮ್ಮ ವಚನದಲ್ಲಿ ಸೂಚಿಸಿರುವಾಗ, ಕೆಲಸದ ದಿನ ಪೂಜೆಯನ್ನು ಬಿಟ್ಟರೇನು? ನುಲಿಯ ಚಂದಯ್ಯನವರು ಹುಲ್ಲನ್ನು ಕೊಯ್ಯುವಾಗ ಲಿಂಗವು ನೀರಿಗೆ ಬಿದ್ದರೂ ಕಾಯಕವನ್ನು ಬಿಡಲಿಲ್ಲವಲ್ಲ?

ಸಮಾಧಾನವೇನೆಂದರೆ, ಆ ಮಾತು ಕಾಯಕದಲ್ಲಿ ‘ನಿರತನಾದವನಿಗೆ’ ಸಂಬಂಧಿಸಿದುದು. ತನ್ನನ್ನೇ ಮರೆತು ಕೆಲಸದಲ್ಲಿ ಲೀನನಾದವನು ಪೂಜೆಯನ್ನು ಮರೆತರೆ, ಅವನ ಕೆಲಸವೇ ಪೂಜೆಯಾಗಿರುತ್ತದೆ. ಗಾಬರಿಯಿಂದ, ಸಿಟ್ಟಿನಿಂದ, ಲಾಭದ ಲೆಕ್ಕದಿಂದ ಪೂಜೆಯನ್ನು ತಪ್ಪಿಸಿದವನು ನಿರತನಲ್ಲ, ಚದುರಿದವನು. ಆ ವಿನಾಯಿತಿ ಅವನಿಗಿಲ್ಲ. ಚಂದಯ್ಯನವರ ಕಥೆಯೂ ಲಿಂಗವನ್ನು ಬಿಟ್ಟಲ್ಲಿಗೆ ಮುಗಿಯುವುದಿಲ್ಲ. ಲಿಂಗವು ಬೆನ್ನುಹತ್ತಿ ಬಂದಿತು. ಮಡಿವಾಳ ಮಾಚಯ್ಯನವರು ತಿಳಿಯಹೇಳಿದ ಮೇಲೆ ಚಂದಯ್ಯನವರು ಅದನ್ನು ಸ್ವೀಕರಿಸಿದರು. ಕಾಯಕವೂ ಲಿಂಗವೂ ಒಂದನ್ನೊಂದು ಅಟ್ಟುವವಲ್ಲ, ಅರಸುವವು ಎಂಬುದೇ ಅದರ ತಾತ್ಪರ್ಯ.

ಎರಡನೆಯ ಶಂಕೆ ಇದಕ್ಕಿಂತ ಗಂಭೀರವಾದುದು. ಹೊರೆಯನ್ನು ತಾನಾಗಿ ಆಯ್ದುಕೊಳ್ಳದವರ ಗತಿಯೇನು? ನಸುಕಿನಲ್ಲಿ ಎದ್ದು ನೀರು, ಒಲೆ, ಮಕ್ಕಳು, ಹಾಸಿಗೆ ಹಿಡಿದ ಅತ್ತೆಯ ಆರೈಕೆ, ಹೊಲಕ್ಕೆ ಬುತ್ತಿ, ಇಷ್ಟನ್ನೂ ಒಬ್ಬಳೇ ನೋಡಿಕೊಳ್ಳುವ ಗೃಹಿಣಿಗೆ ‘ಶಾಂತಳಾಗಿರು’ ಎಂದು ಉಪದೇಶಿಸುವುದು ನ್ಯಾಯವೇ? ನ್ಯಾಯವಲ್ಲ. ಕಾಯಕವು ಯಾರಿಗೂ ವಿನಾಯಿತಿಯಿಲ್ಲದ ನಿಯಮ. ಒಬ್ಬಳ ಪಾಲಿಗೆ ನಾಲ್ವರ ಕೆಲಸ ಬಿದ್ದಿದ್ದರೆ ಉಳಿದ ಮೂವರು ಕಾಯಕಭ್ರಷ್ಟರಾಗಿದ್ದಾರೆಂದೇ ಅರ್ಥ. ಆ ಮನೆಯಲ್ಲಿ ಶಾಂತಿಯ ಬೋಧನೆ ಆರಂಭವಾಗಬೇಕಾದುದು ಅವಳಿಂದಲ್ಲ. ಪಡಸಾಲೆಯಲ್ಲಿ ಕುಳಿತು ತಾಂಬೂಲಕ್ಕಾಗಿ ಕೂಗುವವನಿಂದ. ಅವನು ಎದ್ದು ಒಂದು ಕೊಡ ನೀರನ್ನು ತಂದಿಟ್ಟರೆ ಅದೂ ದಾಸೋಹವೇ. ಪರರ ಬೆನ್ನಿನ ಮೇಲೆ ಕುಳಿತು ಅನುಭವಿಸುವ ನೆಮ್ಮದಿಯನ್ನು ಶರಣರು ಶಾಂತಿಯೆಂದು ಕರೆಯಲಿಲ್ಲ.

ಇನ್ನು ಸಾಧನೆಯ ಮಾತು. ಇಷ್ಟಲಿಂಗವು ದೂರದ ಗುಡಿಯಲ್ಲಿಲ್ಲ, ಎದೆಯ ಮೇಲಿದೆ. ಆದುದರಿಂದ ಬಿಡುವಿಲ್ಲದ ದಿನದಲ್ಲಿಯೂ ಭಕ್ತನಿಗೆ ಎಲ್ಲಿಗೂ ಹೋಗಬೇಕಾದ ಪ್ರಮೇಯವಿಲ್ಲ. ಬೆಳಗಿನ ಪೂಜೆ ಅಂದು ಚಿಕ್ಕದಾದರೂ ಇರಲಿ, ಆದರೆ ಪೂರ್ತಿ ಮನಸ್ಸಿನದಾಗಿರಲಿ. ಒಂದು ಕೆಲಸ ಮುಗಿದು ಮತ್ತೊಂದು ತೊಡಗುವ ಸಂಧಿಯಲ್ಲಿ ಕರಡಿಗೆಯ ಮೇಲೆ ಕೈಯಿಟ್ಟು ಒಂದು ಉಸಿರಿನಷ್ಟು ಹೊತ್ತು ನಿಲ್ಲಲಿ. ಉಣ್ಣುವಾಗ ಉಣ್ಣಲಿ, ಮೊಬೈಲು ಆಗ ಮತ್ತೊಂದು ಕೋಣೆಯಲ್ಲಿರಲಿ. ಎದುರಿಗೆ ಬಂದು ಮಾತನಾಡುವವನು ಆಳಾದರೂ ಸರಿ, ಅವನ ಮುಖವನ್ನು ನೋಡಿ ಉತ್ತರ ಕೊಡಲಿ.

ಇದು ಆಗದ ಮಾತೆಂದು ತೋರಿದರೆ ನಮ್ಮ ಕಾಲದಲ್ಲಿಯೇ ನಿದರ್ಶನವುಂಟು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ೧೯೩೦ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿ, ೧೯೪೧ರಿಂದ ಮಠದ ಭಾರವನ್ನು ಹೊತ್ತು, ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾದರು. ಸಾವಿರಾರು ಮಕ್ಕಳ ಅನ್ನ, ವಸತಿ, ವಿದ್ಯೆಗಳ ಹೊಣೆ ಅವರ ಮೇಲಿತ್ತು. ಆದರೂ ಅವರ ದಿನ ಆರಂಭವಾಗುತ್ತಿದ್ದುದು ನಸುಕಿನ ಇಷ್ಟಲಿಂಗಪೂಜೆಯಿಂದ. ಪೂಜೆಯು ಆ ಕೆಲಸದಿಂದ ಕದ್ದ ಸಮಯವಾಗಿರಲಿಲ್ಲ, ಕೆಲಸಕ್ಕೆ ಬೇರಾಗಿತ್ತು.

ಕಾರ್ಯಬಾಹುಳ್ಯವು ಸಂಸಾರಿಯನ್ನು ಬಿಡುವುದಿಲ್ಲ. ಮಳೆ ಕಣದ ಮೇಲೆ ಕವಿಯುತ್ತಲೇ ಇರುತ್ತದೆ, ಲಗ್ನಗಳು ಬರುತ್ತಲೇ ಇರುತ್ತವೆ. ಹೆಚ್ಚಾದ ಅಕ್ಕಿಯನ್ನು ಹಿಂದಕ್ಕೆ ಸುರಿದು, ಉಳಿದುದನ್ನು ಮನೆಯವರೆಲ್ಲರೂ ಹಂಚಿಕೊಂಡು, ಕೈಗೆ ಬಂದುದನ್ನು ಅರ್ಪಿಸಿ ಮಾಡುವವನಿಗೆ ಆ ದಿನವೂ ಪ್ರಸಾದದ ದಿನವೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೆಲವು ಕೆಲಸಗಳು ಉಳಿದಿರಬಹುದು. ಆದರೆ ಅವನ ಮಾತಿನಿಂದ ನೊಂದವರು ಮನೆಯಲ್ಲಿ ಯಾರೂ ಉಳಿದಿರಲಾರರು.