ಕಾಯಕವಿಲ್ಲದ ಮನೆಯೂ ಮಹಾಪೂರದ ಮನೆಯೇ



ಕೊಲ್ಹಾಪುರದ ರಾಜಾರಾಮ ಬಂಧಾರದ ಹತ್ತಿರ ಪಂಚಗಂಗೆಯ ನೀರು 39 ಅಡಿಗೆ ಬಂದರೆ ಎಚ್ಚರಿಕೆ, 43 ಅಡಿಗೆ ಬಂದರೆ ಅಪಾಯ. ಈ ಎರಡು ಅಂಕಿಗಳು ನಮ್ಮ ಭಾಗದ ಸಣ್ಣ ಮಕ್ಕಳಿಗೂ ಬಾಯಿಪಾಠ. 2019ರ ಆಗಸ್ಟ್ ತಿಂಗಳಲ್ಲಿ ನೀರು 55 ಅಡಿ ದಾಟಿತು. 2021ರ ಜುಲೈದಲ್ಲಿ ಮತ್ತೆ ಅಪಾಯದ ಗೆರೆಗಿಂತ ಹತ್ತು ಅಡಿ ಮೇಲೆಯೇ ನಿಂತಿತು. ಶಿರೋಳಿಯ ಬಳಿ ಪುಣೆ-ಬೆಂಗಳೂರು ರಸ್ತೆ ಮುಳುಗಿ, ಲಾರಿಗಳು ದಿನಗಟ್ಟಲೆ ನಿಂತವು. ಅಡಿ, ಇಂಚು ಲೆಕ್ಕದಲ್ಲಿ ನೀರನ್ನು ಅಳೆದರು, ಮನೆ ಮನೆಗೆ ಬಂದು ಪಂಚನಾಮೆ ಮಾಡಿದರು, ಸರಕಾರ ಪರಿಹಾರ ಸಾರಿತು.

ಆದರೆ ಓದು ಮುಗಿಸಿದ ಇಪ್ಪತ್ತೈದರ ಮಗ ಮೂರು ವರ್ಷದಿಂದ ಕಟ್ಟೆಯ ಮೇಲೆ ಕುಳಿತಿದ್ದರೆ ಆ ಮನೆಯ ನೀರು ಎಷ್ಟು ಅಡಿಗೆ ಬಂದಿದೆ ಎಂದು ಅಳೆಯುವವರು ಯಾರು? ಅದಕ್ಕೆ ಯಾವ ಬಂಧಾರದ ಮೇಲೂ ಗೆರೆ ಬರೆದಿಲ್ಲ. ಇಂದು ಈ ವಿಷಯವನ್ನೇ ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಲೆಕ್ಕಪತ್ರ ಓದಿದವನಾದ್ದರಿಂದ ಅಲ್ಲಲ್ಲಿ ಅಂಕಿಗಳು ಬರುತ್ತವೆ, ಬೇಸರಿಸಬಾರದು.

2024ರಲ್ಲಿ ಮಹಾರಾಷ್ಟ್ರದಲ್ಲಿ ಪೊಲೀಸ್ ಭರತಿ ನಡೆಯಿತು. ಹುದ್ದೆಗಳು 17,471. ಬಂದ ಅರ್ಜಿಗಳು 17 ಲಕ್ಷಕ್ಕೂ ಮೀರಿದವು. ಒಂದು ಹುದ್ದೆಗೆ ಸುಮಾರು ನೂರು ಜನ. ನಸುಕಿನಲ್ಲಿ ಗಡಹಿಂಗ್ಲಜ ರಸ್ತೆಯ ಮೇಲೆ ಓಡುವ ಹುಡುಗರನ್ನು ತಾವೆಲ್ಲ ನೋಡಿದ್ದೀರಿ. ಅವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನ ಓಡಿ ಓಡಿ ಮತ್ತೆ ಮನೆಗೇ ಬರುತ್ತಾರೆ. ಕೇಂದ್ರ ಸರಕಾರದ 2023-24ರ ಸಮೀಕ್ಷೆಯ ಪ್ರಕಾರ ದೇಶದ ಒಟ್ಟು ನಿರುದ್ಯೋಗ ಶೇಕಡಾ 3.2, ಹದಿನೈದರಿಂದ ಇಪ್ಪತ್ತೊಂಬತ್ತು ವಯಸ್ಸಿನವರಲ್ಲಿ ಮಾತ್ರ ಶೇಕಡಾ 10.2. ಇದೇನು ದೊಡ್ಡದಲ್ಲ ಎನ್ನಿಸಬಹುದು. ಆದರೆ ತಂದೆಯ ಕಬ್ಬಿನ ಹೊಲದಲ್ಲಿ ಕೂಲಿಯಿಲ್ಲದೆ ಕೈಗೂಡಿಸುವ ಮಗನನ್ನು ಈ ಲೆಕ್ಕ ಉದ್ಯೋಗಿ ಎಂದೇ ಹಿಡಿಯುತ್ತದೆ. ಎರಡು ಎಕರೆ ಹೊಲದಲ್ಲಿ ಮೂವರು ಅಣ್ಣತಮ್ಮಂದಿರು ನಿಂತರೆ ಮೂವರೂ ಉದ್ಯೋಗಸ್ಥರು! ಕನ್ಯೆ ಕೇಳಲು ಹೋದಾಗ ಮಾತ್ರ ನಿಜವಾದ ಲೆಕ್ಕ ಹೊರಬೀಳುತ್ತದೆ.

ಇಚಲಕರಂಜಿಯ ಮಾತೂ ಇದೇ. 1904ರಲ್ಲಿ ಜಹಗೀರದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಪ್ರೋತ್ಸಾಹದಿಂದ ಅಲ್ಲಿ ಮೊದಲ ಯಂತ್ರಮಗ್ಗ ಬಂದಿತು. ಮುಂದೆ ಅದು ಲಕ್ಷ ಮಗ್ಗಗಳ ಊರಾಗಿ ನಮ್ಮ ಎಷ್ಟೋ ಕುಟುಂಬಗಳಿಗೆ ಅನ್ನ ಹಾಕಿತು. ಅಲ್ಲಿ ಮಜೂರಿ ಪಿಕ್ ಲೆಕ್ಕದ್ದು; ಮಗ್ಗ ನಿಂತರೆ ಮಜೂರಿಯೂ ನಿಂತಿತು. 2016ರ ನೋಟು ರದ್ದು, 2017ರ ಜಿ.ಎಸ್.ಟಿ., 2020ರ ಲಾಕ್‌ಡೌನ್, ಒಂದರ ಬೆನ್ನಿಗೆ ಒಂದು ಬಂದವು. ಶಟಲ್ ಇಲ್ಲದ ಹೊಸ ಮಗ್ಗಗಳು ಬಂದ ಮೇಲೆ ಅಷ್ಟೇ ಬಟ್ಟೆಗೆ ಕಡಿಮೆ ಕೈ ಸಾಕಾಯಿತು. ಯಂತ್ರವನ್ನು ಬೈದು ಫಲವಿಲ್ಲ. ಜಾಬರನ ಕೆಲಸ ಕಲಿತ ಹುಡುಗನಿಗೆ ಇಂದೂ ಬೇಡಿಕೆ ಇದೆ. ಆದರೆ ನಮ್ಮ ಮನೆಗಳಲ್ಲಿ ಮಗ ಪಾನಾ ಹಿಡಿಯುವುದು ಬೇಡ, ಟೇಬಲ್ ಮುಂದೆ ಕುಳಿತರೆ ಸಾಕು ಎಂಬ ಬುದ್ಧಿ ಹೇಗೋ ಬಂದು ಸೇರಿಕೊಂಡಿದೆ. ನೇಕಾರ ದಾಸಿಮಯ್ಯನವರ ಮತ್ತು ಹಗ್ಗ ಹೊಸೆಯುವ ಚಂದಯ್ಯನವರ ಹೆಸರು ಹೇಳಿ ಜಯಂತಿ ಮಾಡುವ ಸಮಾಜಕ್ಕೆ ಈ ಬುದ್ಧಿ ಎಲ್ಲಿಂದ ಬಂತೋ ತಿಳಿಯದು.

ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ಅಲ್ಲಮಪ್ರಭುಗಳು ‘ಒಡ್ಡರಾಮ’ ಎಂದು ಕರೆದ ಕಥೆ ಎಲ್ಲರಿಗೂ ಗೊತ್ತು. ಪ್ರವಚನಕಾರರು ಪ್ರಭುಗಳ ಜ್ಞಾನದ ಹಿರಿಮೆ ಹೇಳಲು ಅದನ್ನು ಬಳಸುತ್ತಾರೆ, ಸರಿಯೇ. ಆದರೆ ಆ ಕೆರೆಯ ಮಣ್ಣು ಹೊತ್ತವರ ಕಡೆಯಿಂದ ಕಥೆಯನ್ನು ಯಾರೂ ಹೇಳುವುದಿಲ್ಲ. ಮಳೆ ಕಡಿಮೆಯ ನಾಡಿನಲ್ಲಿ ಅಷ್ಟು ಕೈಗಳಿಗೆ ಕೆಲಸ, ಅಷ್ಟು ಹೊಟ್ಟೆಗಳಿಗೆ ಅನ್ನ. ಕೆಲಸ ಮುಗಿದ ಮೇಲೆ ಊರಿಗೆ ನೀರು. ಆ ನೀರು ಇಂದಿಗೂ ಸೊಲ್ಲಾಪುರದ ಗುಡಿಯ ಸುತ್ತ ಇದೆ.

ಎಂಟುನೂರು ವರ್ಷಗಳ ನಂತರ ಅದೇ ವಿಚಾರ ಈ ರಾಜ್ಯದಲ್ಲಿ ಕಾಯಿದೆಯ ರೂಪ ತಾಳಿತು. 1972ರ ಬರದ ಹೊತ್ತಿಗೆ ನಮ್ಮ ನೆರೆಯ ಸಾಂಗಲಿ ಜಿಲ್ಲೆಯವರೇ ಆದ, ವಿಧಾನ ಪರಿಷತ್ತಿನ ಸಭಾಪತಿ ವಿ. ಸ. ಪಾಗೆಯವರು ಉದ್ಯೋಗ ಖಾತ್ರಿಯ ಯೋಜನೆಯನ್ನು ಮುಂದಿಟ್ಟರು. 1977ರಲ್ಲಿ ಕಾಯಿದೆಯಾಗಿ 1979ರ ಜನವರಿ 26ರಿಂದ ಜಾರಿಗೆ ಬಂತು. 2005ರಲ್ಲಿ ಇಡೀ ದೇಶಕ್ಕೆ ಬಂದ ಕಾಯಿದೆಗೆ ಇದೇ ಮಾದರಿ. ಇದಕ್ಕೆ ಹಣ ಎಲ್ಲಿಂದ ಬಂದಿತು ಗೊತ್ತೇ? ಅಡತಿ ಅಂಗಡಿಯವರು, ಮಗ್ಗದ ಮಾಲೀಕರು, ಪಗಾರದವರು ತುಂಬುವ ವ್ಯವಸಾಯ ಕರ 1975ರಲ್ಲಿ ಬಂದದ್ದೇ ಈ ಕೆಲಸಕ್ಕಾಗಿ. ಆ ಚಲನ್ ತುಂಬುವಾಗ ಮುಖ ಗಂಟು ಹಾಕುವ ವ್ಯಾಪಾರಿ ಬಂಧುಗಳು ಇದನ್ನು ನೆನಪಿಡಬೇಕು. ಶರಣರ ಮಾತಿನಲ್ಲಿ ಅದು ದಾಸೋಹವೇ.

ಇನ್ನು ಪರಿಹಾರದ ಮಾತು. ವಿಪತ್ತು ನಿಧಿಯಿಂದ ಬೆಳೆ ಹಾನಿಗೆ ಕೇಂದ್ರ ಸರಕಾರ 2022ರಲ್ಲಿ ಪರಿಷ್ಕರಿಸಿದ ದರ ಹೀಗಿತ್ತು: ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಶೇಕಡಾ 33ಕ್ಕೆ ಕಡಿಮೆ ಹಾನಿಯಾದರೆ ಏನೂ ಇಲ್ಲ. ಎರಡು ಹೆಕ್ಟೇರಿಗಿಂತ ಹೆಚ್ಚಿಗೆ ಲೆಕ್ಕವಿಲ್ಲ. ರಾಜ್ಯ ಸರಕಾರ ಕೆಲವು ಸಲ ತನ್ನದನ್ನೂ ಕೂಡಿಸಿದೆ. ಆದರೂ 17,000 ಎಂದರೆ ಗುಂಟೆಗೆ ಸುಮಾರು 170 ರೂಪಾಯಿ. ಕಬ್ಬಿನ ಬೀಜ, ಗೊಬ್ಬರ, ಕೂಲಿಯ ಖರ್ಚು ತಮಗೇ ಗೊತ್ತಿದೆ. ಸಾಲದು ಎಂದು ರೈತರು ಕೂಗುವುದು ನ್ಯಾಯವೇ.

ಆದರೆ ಕೂಗುವುದಕ್ಕೂ ಬಾಯಿಲ್ಲದವರು ಇದ್ದಾರೆ. ಬೆಳೆಯ ಪರಿಹಾರ ಸಾತಬಾರಾ ಉತಾರದ ಹಿಂದೆ ಹೋಗುತ್ತದೆ. ಪಾಲಿಗೆ ಮಾಡಿದವನ ಹೆಸರು, ಕಬ್ಬು ಕಡಿಯಬೇಕಿದ್ದವನ ಹೆಸರು ಆ ಕಾಗದದ ಮೇಲೆ ಇಲ್ಲ. ಉಪಕರಣ ಕಳೆದುಕೊಂಡ ಕುಶಲಕರ್ಮಿಗೆ ನೆರವು ಉಂಟು. ಆದರೆ ನಿಯಮದಲ್ಲಿ ಬರೆದಿರುವುದು ಕೈಮಗ್ಗ ಎಂದು, ಯಂತ್ರಮಗ್ಗ ಎಂದಲ್ಲ. ಇಚಲಕರಂಜಿಯ ನದಿದಂಡೆಯಲ್ಲಿ ನಾಲ್ಕು ಹಳೆಯ ಮಗ್ಗ ಇಟ್ಟುಕೊಂಡವನು ನೀರು ಇಳಿದ ಮೇಲೆ ಕೆಸರು ತೊಳೆಯುತ್ತ ಈ ಶಬ್ದದ ಅರ್ಥ ಹುಡುಕಬೇಕಾಯಿತು. ಅವನ ಬಳಿ ದುಡಿಯುತ್ತಿದ್ದ ಕಾಂಡಿ ತುಂಬುವ ಹೆಣ್ಣುಮಗಳ ಮಾತಂತೂ ಬೇರೆಯೇ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಬೇಕು. ಮಾರಯ್ಯನವರು ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಹೆಚ್ಚು ಅಕ್ಕಿ ಚೆಲ್ಲಿತ್ತು, ಹೆಚ್ಚಾಗಿಯೇ ಕಟ್ಟಿಕೊಂಡು ಬಂದರು. ಲಕ್ಕಮ್ಮ ಗಂಟನ್ನು ನೋಡಿದ ಕೂಡಲೆ ಕೇಳಿದರು, ಇದು ನಮ್ಮ ನಿತ್ಯದ ಅಕ್ಕಿಯಲ್ಲವಲ್ಲ, ಮಿಕ್ಕಿದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು. ಕದ್ದ ಅಕ್ಕಿಯಲ್ಲ ಅದು. ನೆಲಕ್ಕೆ ಬಿದ್ದದ್ದು, ಯಾರೂ ಕೇಳುವವರಿಲ್ಲದ್ದು. ಆದರೂ ಮರಳಿ ಹೋಯಿತು.

ನಮ್ಮ ಊರುಗಳಲ್ಲಿ ಏನಾಗುತ್ತದೆ? ನೀರು ಹೊಸ್ತಿಲು ಮುಟ್ಟದ ಮನೆಯ ಹೆಸರೂ ಯಾದಿಯಲ್ಲಿ ಸೇರುತ್ತದೆ. 2019ರಲ್ಲಿ ಪೂರ ಬಂದ ಮನೆಗೆ ಗ್ರಾಮೀಣ ಭಾಗದಲ್ಲಿ 10,000, ಶಹರದಲ್ಲಿ 15,000 ರೂಪಾಯಿ ಎಂದಾಗ ಒಂದೇ ಮನೆಯಲ್ಲಿ ಒಲೆಗಳು ಎರಡಾದವು, ಮೂರಾದವು. ಎಲ್ಲರೂ ತೆಗೆದುಕೊಳ್ಳುತ್ತಾರೆ, ನಾವೊಬ್ಬರೇ ಬಿಟ್ಟರೆ ಹೇಗೆ ಎನ್ನುತ್ತಾರೆ. ಸರಕಾರದ ಚೀಲಕ್ಕೂ ತಳ ಉಂಟು, ಬಂಧುಗಳೇ. ಪಂಚನಾಮೆಯ ಸಾಕ್ಷಿಗೆ ಸಹಿ ಮಾಡುವ ಹಿರಿಯರು ಹೆಚ್ಚಿನ ಹೆಸರಿಗೆ ಸಹಿ ಹಾಕುವಾಗಲೂ, ಪಾಲಿನವನ ಹೆಸರು ಬಿಡುವಾಗಲೂ ಲಕ್ಕಮ್ಮನವರ ಎದುರಿಗೆ ಕುಳಿತಂತೆ ಕುಳಿತುಕೊಳ್ಳಬೇಕು.

ಈಗ, ಯಾರೂ ಮಾತನಾಡಲು ಬಯಸದ ವಿಷಯಕ್ಕೆ ಬರುತ್ತೇನೆ.

ಕೇಂದ್ರದ ಅಪರಾಧ ದಾಖಲೆ ಸಂಸ್ಥೆಯ 2022ರ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿದ್ದವರು 5,73,220 ಜನ. ಅವರಲ್ಲಿ 4,34,302 ಜನರ ವಿಚಾರಣೆಯೇ ಮುಗಿದಿರಲಿಲ್ಲ. ಅಂದರೆ ನಾಲ್ವರಲ್ಲಿ ಮೂವರು ಅಪರಾಧಿಗಳೆಂದು ಯಾವ ನ್ಯಾಯಾಧೀಶರೂ ಹೇಳಿಲ್ಲ. ಈ ವಿಚಾರಣಾಧೀನರಲ್ಲಿ ಸುಮಾರು ಅರ್ಧದಷ್ಟು ಜನ ಹದಿನೆಂಟರಿಂದ ಮೂವತ್ತು ವಯಸ್ಸಿನವರು. ಬಹುಪಾಲು ಹತ್ತನೇ ಇಯತ್ತೆ ದಾಟದವರು. ಕೆಲಸವಿಲ್ಲದ ಹುಡುಗರೆಲ್ಲ ಕೆಟ್ಟ ದಾರಿ ಹಿಡಿಯುತ್ತಾರೆ ಎಂದು ಯಾರೂ ಹೇಳಬಾರದು. ಅದು ಬಡವರ ಮಕ್ಕಳಿಗೆ ಮಾಡುವ ಅನ್ಯಾಯ. ಆದರೆ ಖಾಲಿ ಕುಳಿತ ಹುಡುಗನನ್ನು ಕರೆಯುವವರು ಬಹಳ ಜನ. 2023ರ ಜೂನ್ 7ರಂದು ಕೊಲ್ಹಾಪುರದಲ್ಲಿ ಮೊಬೈಲಿನ ಸ್ಟೇಟಸ್ ಒಂದರ ಕಾರಣಕ್ಕೆ ಬಂದ್ ನಡೆದು, ಕಲ್ಲು ಬಿದ್ದು, ಲಾಠಿ ಬೀಸಿ, ಇಂಟರ್ನೆಟ್ ನಿಂತಿತು. ಶಾಹೂ ಮಹಾರಾಜರು 1902ರಲ್ಲಿಯೇ ಹಿಂದುಳಿದವರಿಗೆ ಅರ್ಧ ನೌಕರಿ ಮೀಸಲಿಟ್ಟ ಊರು ಅದು. ಅಂಥ ದಿನಗಳಲ್ಲಿ ಕರೆ ಕೊಟ್ಟವರು ಸಂಜೆಗೆ ಮನೆ ಸೇರುತ್ತಾರೆ. ಓಡಿ ಬಂದ ಹುಡುಗನ ಹೆಸರು ಎಫ್.ಐ.ಆರ್.ದಲ್ಲಿ ಉಳಿಯುತ್ತದೆ. ಪೊಲೀಸ್ ಭರತಿಗೆಂದು ಓಡುತ್ತಿದ್ದವನಿಗೆ ಆ ದಾರಿಯೂ ಮುಚ್ಚಿದಂತೆಯೇ.

ಮಗ ಕಳಂಬಾ ಜೈಲಿನಲ್ಲಿದ್ದರೆ ಪುಣೆಯಲ್ಲಿದ್ದಾನೆ ಎಂದು ಹೇಳುವ ತಾಯಂದಿರಿದ್ದಾರೆ. ಸೋಯರಿಕೆ ತಪ್ಪೀತೆಂಬ ಭಯ. ಜಾಮೀನು ಸಿಕ್ಕರೂ ನಿಲ್ಲುವವರಿಲ್ಲದೆ ಹುಡುಗ ಒಳಗೇ ಕೊಳೆಯುತ್ತಾನೆ. ಇದೇ ಕಳಂಬಾದ ಕೈದಿಗಳು ಕೆಲವು ವರ್ಷ ಅಂಬಾಬಾಯಿ ಗುಡಿಯ ಪ್ರಸಾದದ ಲಾಡು ಕಟ್ಟಿದರು. ಆ ಲಾಡನ್ನು ಕಣ್ಣಿಗೊತ್ತಿಕೊಂಡು ತಿಂದೆವು. ಕಟ್ಟಿದ ಕೈ ಹೊರಗೆ ಬಂದು ಕೆಲಸ ಕೇಳಿದರೆ ಅಂಗಡಿಯ ಮೆಟ್ಟಿಲು ಹತ್ತಿಸುವುದಿಲ್ಲ.

ಕಾನೂನಿನ ಕೆಲವು ಮಾತುಗಳನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಬಂಧಿಸಿದ ಇಪ್ಪತ್ನಾಲ್ಕು ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹದಿನೆಂಟು ತುಂಬದವನನ್ನು ಲಾಕಪ್ಪಿಗೂ ಜೈಲಿಗೂ ಹಾಕುವಂತಿಲ್ಲ; ಅವನ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ, ಶಾಲೆಯ ದಾಖಲೆ ತೋರಿಸಿ ವಯಸ್ಸನ್ನು ಮೊದಲ ದಿನವೇ ಹೇಳಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಪಾಗದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ವಿಚಾರಣೆಯಲ್ಲೇ ಕಳೆದಿದ್ದರೆ ಬಿಡುಗಡೆಗೆ ಅರ್ಹ, ಉಳಿದವರಿಗೆ ಅರ್ಧ. ಮರಣದಂಡನೆ, ಆಜೀವ ಶಿಕ್ಷೆಯ ಅಪರಾಧಗಳಿಗೆ ಇದು ಇಲ್ಲ. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದವರಿಗೂ ಇಲ್ಲ. ಹಳೆಯ ಪ್ರಕರಣಗಳಿಗೂ ಇದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 2024ರ ಆಗಸ್ಟದಲ್ಲಿ ಹೇಳಿತು.

ಇನ್ನೊಂದು ಸಂಗತಿ ನನಗೆ ಬಹಳ ಅರ್ಥಪೂರ್ಣವೆನಿಸಿದೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯಿದೆಯ 12ನೇ ಕಲಮು ಯಾರಿಗೆ ಪುಕ್ಕಟೆ ವಕೀಲರು ಸಿಗಬೇಕೆಂದು ಹೇಳುತ್ತದೆ. ಆ ಒಂದೇ ಯಾದಿಯಲ್ಲಿ ಪೂರಪೀಡಿತನೂ ಇದ್ದಾನೆ, ಬರಪೀಡಿತನೂ ಇದ್ದಾನೆ, ಬಂಧನದಲ್ಲಿರುವವನೂ ಇದ್ದಾನೆ. ಮೂವರನ್ನೂ ಕಾಯಿದೆ ಒಂದೇ ಪಂಕ್ತಿಗೆ ಕೂಡಿಸಿದೆ. ನಮ್ಮ ದಾಸೋಹದ ಪಂಕ್ತಿಯಲ್ಲಿ ಮೊದಲಿನ ಇಬ್ಬರಿಗೆ ಎಲೆ ಹಾಕುತ್ತೇವೆ, ಮೂರನೆಯವನಿಗೆ ಇಲ್ಲ.

ಉರಿಲಿಂಗಪೆದ್ದಿಗಳು ಯಾರು? ಕನ್ನ ಹಾಕುತ್ತಿದ್ದವರು. ಕಳವಿಗೆಂದು ಹೋದ ಮನೆಯಲ್ಲಿ ಉರಿಲಿಂಗದೇವರು ದೀಕ್ಷೆ ಕೊಡುತ್ತಿರುವುದನ್ನು ಗೋಡೆಯ ಕಿಂಡಿಯಿಂದ ಕಂಡು ಮನಸ್ಸು ತಿರುಗಿತು ಎಂದು ಶರಣರ ಚರಿತ್ರೆ ಹೇಳುತ್ತದೆ. ಮುಂದೆ ದಿನವೂ ಕಟ್ಟಿಗೆಯ ಹೊರೆ ಹೊತ್ತು ತಂದು ಗುರುವಿನ ಮನೆಗೆ ಹಾಕಿದರು. ಆ ಹೊರೆಯನ್ನು ಇಳಿಸಿಕೊಳ್ಳಲು ಅಲ್ಲೊಂದು ಮನೆ ಇತ್ತು, ಅದನ್ನು ಗಮನಿಸಬೇಕು. ನೀನು ಕಳ್ಳ, ನಿನ್ನ ಕಟ್ಟಿಗೆ ಬೇಡ ಎಂದಿದ್ದರೆ ಅವರ ವಚನಗಳು ನಮಗೆ ಸಿಗುತ್ತಿರಲಿಲ್ಲ. ಗುರುವಿನ ನಂತರ ಅವರೇ ಇಂದಿನ ನಾಂದೇಡ ಜಿಲ್ಲೆಯ ಕಂಧಾರದ ಮಠದ ಪೀಠವನ್ನೇರಿದರು.

ಆದುದರಿಂದ ಶ್ರೀಮಠದ ಭಕ್ತರಲ್ಲಿ ನನ್ನ ಬಿನ್ನಹ ಇಷ್ಟು. ಅಂಗಡಿ, ಫೌಂಡ್ರಿ, ಮಗ್ಗದ ಖಾತೆ ಇದ್ದವರು ಒಬ್ಬ ಹುಡುಗನನ್ನಾದರೂ ಕೆಲಸ ಕಲಿಯಲು ಇಟ್ಟುಕೊಳ್ಳಬೇಕು. ಊಟದ ಮೇಲೆ ದುಡಿಸದೆ ಸಂಬಳ ಕೊಡಬೇಕು. ಮನೆಯ ಹುಡುಗ ಒಳಗಿದ್ದರೆ ಮುಚ್ಚಿಡದೆ 15100 ನಂಬರಿಗೆ ಫೋನ್ ಮಾಡಿ ಅಥವಾ ತಾಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಗೆ ಹೋಗಿ ವಕೀಲರನ್ನು ಕೇಳಬೇಕು. ಜಾಮೀನಿನ ಹಣವಿಲ್ಲದ ಬಡ ಕೈದಿಗೆ ನೆರವು ಕೊಡುವ ಕೇಂದ್ರದ ಯೋಜನೆ 2023ರಲ್ಲಿ ಬಂದಿದೆ, ಅದನ್ನೂ ಅಲ್ಲಿಯೇ ವಿಚಾರಿಸಬೇಕು.

ಬರುವ ಅಮಾವಾಸ್ಯೆಯ ದಾಸೋಹಕ್ಕೆ ಬರುವಾಗ ಜಮೀನಿದ್ದವರು ತಮ್ಮ ಸಾತಬಾರಾ ಉತಾರದ ಒಂದು ನಕಲು ತರಬೇಕು. ನಿಲ್ಲುವವರಿಲ್ಲದ ಹುಡುಗರಿಗೆ ಜಾಮೀನು ನಿಲ್ಲಲು ಒಪ್ಪುವವರ ಯಾದಿಯನ್ನು ಅಂದು ಕಚೇರಿಯಲ್ಲಿ ಬರೆದುಕೊಳ್ಳಲಾಗುವುದು. ಮೊದಲ ಹೆಸರನ್ನು ನನ್ನದೇ ಬರೆದಿಟ್ಟಿದ್ದೇನೆ. ಪೂರದ ಯಾದಿಯಲ್ಲಿ ಬಿಟ್ಟುಹೋದ ಪಾಲಿನವರ, ಮಗ್ಗದವರ ಹೆಸರನ್ನೂ ಅದೇ ದಿನ ತಂದು ಕೊಡಿರಿ. ತಹಶೀಲದಾರರಿಗೆ ಅರ್ಜಿ ಬರೆದುಕೊಡಲು ಇಬ್ಬರು ಕುಳಿತಿರುತ್ತಾರೆ.



ಕಾರ್ಯದರ್ಶಿ, ಶ್ರೀಮಠ